ಗೆಣ್ಣಿನ ಮೇಲಿನ ನಿರಿಗೆ

ಅಂಗಡಿಯ ಮೇಲಿನ ಮನೆ,
ಹದಿನಾಲ್ಕನೇ ತಾರೀಕು, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಇವತ್ತು ಬೆಳಗ್ಗೆ ಅಪ್ಪ ಟೀ ಲೋಟವನ್ನು ಎರಡೂ ಅಂಗೈಗಳ ನಡುವೆ ಇಟ್ಟುಕೊಂಡು ಕಿಟಕಿಯ ಪಕ್ಕ ಕೂತಿದ್ದಾಗ ಬಿಸಿಲು ನೇರವಾಗಿ ಕೈಗಳ ಮೇಲೆ ಬಿತ್ತು. ಎಡಗೈಯ ಗೆಣ್ಣುಗಳ ಮೇಲೆ ಚರ್ಮ ನಿರಿಗೆ ನಿರಿಗೆಯಾಗಿ, ಹಳೆಯ ಸೂಜಿ ಗಾಯಗಳ ಚುಕ್ಕೆಗಳೊಂದಿಗೆ, ಅವರ ವಯಸ್ಸಿಗೆ ತಕ್ಕ ಹಾಗೆ ಇತ್ತು. ಬಲಗೈಯ ಗೆಣ್ಣುಗಳ ಮೇಲೆ ಒಂದು ಗೆರೆಯೂ ಇರಲಿಲ್ಲ. ನುಣ್ಣಗೆ, ಸ್ವಲ್ಪ ಹೊಳೆಯುತ್ತಾ, ಯಾರೋ ಇಸ್ತ್ರಿ ಮಾಡಿ ಇಟ್ಟ ಹಾಗೆ. ಬಲಗೈಗೆ ಎಡಗೈ ಅಪ್ಪನಾಗಬೇಕು ಅನ್ನುವಷ್ಟು ವ್ಯತ್ಯಾಸ ಕಂಡಿತು. ನಿನ್ನ ಕ್ಷೇಮ ಕೇಳುವ ಮೊದಲೇ ಇದನ್ನು ಬರೆದುಬಿಟ್ಟೆ, ಬೈಯಬೇಡ.

ನಿನ್ನ ಬೆನ್ನು ನೋವು ಹೇಗಿದೆ? ಬಕೆಟ್ ಎತ್ತಬೇಡ ಎಂದರೆ ಎತ್ತುವವಳೇ ನೀನು, ಆದ್ದರಿಂದ ಭಾವನಿಗೇ ಹೇಳಬೇಕು. ಪುಟ್ಟಿಯ ಕೆಮ್ಮು ನಿಂತಿತೇ? ಹೋದ ಸಲ ಫೋನಿನಲ್ಲಿ ಅವಳು ನನಗೊಂದು ಕಥೆ ಹೇಳಿದಳಲ್ಲ, ಅದರಲ್ಲಿ ಬೆಕ್ಕೂ ಇಲ್ಲ, ಇಲಿಯೂ ಇಲ್ಲ, ಬರೀ ಕೆಮ್ಮು ಇತ್ತು. ಅತ್ತೆ ಅದನ್ನು ಕೇಳಿ ಈ ಮನೆಯಲ್ಲಿ ಸಾಹಿತ್ಯ ಓದುವುದಕ್ಕೆ ಇನ್ನೊಬ್ಬಳು ತಯಾರಾದಳು ಎಂದರು. ಅತ್ತೆ ಎದುರು ಬಾಗಿಲಿನ ತಮ್ಮ ಮನೆಗಿಂತ ಅಣ್ಣನ ಈ ಮನೆಯಲ್ಲೇ ಹೆಚ್ಚು ಹೊತ್ತು ಇರುತ್ತಾರೆ. ನನಗೆ ಅದರಿಂದ ಉಪಕಾರವೇ ಆಗಿದೆ. ಮನೆಗೆ ಯಾರಾದರೂ ಬಂದರೆ ಮಾತಾಡುವ ಕೆಲಸ ನನಗೆ ಉಳಿಯುವುದಿಲ್ಲ.

ಫೋನ್ ಇರುವಾಗ ಕಾಗದ ಯಾಕೆ ಎಂದು ನೀನು ಕೇಳುತ್ತೀ. ಫೋನ್ ಬಂದರೆ ಅಪ್ಪ ಪಕ್ಕದಲ್ಲೇ ಬಂದು ಕೂರುತ್ತಾರೆ ಅಕ್ಕಾ. ನೀನು ಮೊದಲ ಮಾತಿಗೇ "ಎಷ್ಟು ಬಗ್ಗುತ್ತೆ ಈಗ?" ಅನ್ನುತ್ತೀ. ನಾನು ಅವರ ಮುಖ ನೋಡುತ್ತೇನೆ, ಅವರು ನನ್ನ ಮುಖ ನೋಡುತ್ತಾರೆ, ನಾನು "ಮೊನ್ನೆಗಿಂತ ಪರವಾಗಿಲ್ಲ" ಅನ್ನುತ್ತೇನೆ. ಆ ಕಡೆ ನೀನು ಉಸಿರು ಬಿಡುವುದು ನನಗೆ ಕೇಳಿಸುತ್ತದೆ. ನೀನು ಅಲ್ಲಿಂದ ಕಳಿಸಿದ ಎಣ್ಣೆಯ ಎರಡನೇ ಬಾಟಲಿ ಶುರುವಾಗಿದೆ. "ಒಂದು ದಿನವೂ ತಪ್ಪಿಸಬೇಡ, ಅಪ್ಪ ಬೇಡ ಅಂದರೂ ಬಿಡಬೇಡ" ಎಂದು ನೀನು ಹೇಳಿದ್ದನ್ನು ನಾನು ಪಾಲಿಸುತ್ತಾ ಬಂದಿದ್ದೇನೆ. ಆದರೆ ಫೋನಿನಲ್ಲಿ ಅರ್ಧ ಹೇಳಿ ಅರ್ಧ ನುಂಗಿದ್ದನ್ನೆಲ್ಲ ಇವತ್ತು ಮೊದಲಿನಿಂದ ಬರೆಯುತ್ತೇನೆ. ಅಪ್ಪ ಒಳಗೆ ಮಲಗಿದ್ದಾರೆ.

ಅಪ್ಪ ರಟ್ಟಿನ ಹೊರೆ ಹೊತ್ತು ಅಂಗಡಿಯ ಮೆಟ್ಟಿಲಲ್ಲಿ ಜಾರಿ ಬಲಗೈ ಊರಿ ಬಿದ್ದದ್ದು, ಮಣಿಕಟ್ಟಿನ ಮೂಳೆ ಬಿರುಕು ಬಿಟ್ಟದ್ದು, ಪ್ಲಾಸ್ಟರ್ ಹಾಕಿದ್ದು ನಿನಗೆ ಗೊತ್ತು. ಪ್ಲಾಸ್ಟರ್ ಹೊತ್ತಿಗೆ ಸರಿಯಾಗಿ ಬಿಚ್ಚಿದರು. ಮೂಳೆ ಚೆನ್ನಾಗಿಯೇ ಕೂಡಿಕೊಂಡಿತ್ತು. ಡಾಕ್ಟರು ಎಕ್ಸ್‌ರೇ ಫೋಟೋ ನೋಡಿ, "ಇನ್ನು ದಿನಾ ಕೈ ಆಡಿಸಿ, ಮುಷ್ಟಿ ಮಾಡಿ ಬಿಡಿ, ಪಟ್ಟಿ ರಾತ್ರಿ ಮಾತ್ರ ಸಾಕು" ಅಂದರು. ಅಪ್ಪ ತಲೆಯಾಡಿಸಿದರು. ಅವರ ಆ ತಲೆಯಾಡಿಸುವಿಕೆ ನಿನಗೆ ಗೊತ್ತಲ್ಲ, ಪುಸ್ತಕ ನಾಳೆಯೇ ಬೇಕು ಅನ್ನುವ ಗಿರಾಕಿಗೂ ಅವರು ಹಾಗೇ ತಲೆಯಾಡಿಸುತ್ತಾರೆ. ಬೇರೆ ಬೈಂಡರುಗಳು ಇವತ್ತು ಅಂಟು ಹಚ್ಚಿ ನಾಳೆ ಪುಸ್ತಕ ಒತ್ತುವ ಪ್ರೆಸ್ಸಿನಿಂದ ತೆಗೆದು ಕೊಟ್ಟುಬಿಡುತ್ತಾರೆ. ಅಪ್ಪ ಇನ್ನೂ ಎರಡು ದಿನ ತಿರುಪು ಬಿಗಿ ಮಾಡಿಯೇ ಇಡುತ್ತಾರೆ. ಗಿರಾಕಿಗಳು ಗೊಣಗುತ್ತಾರೆ, ಬೈಯುತ್ತಾರೆ, ಮತ್ತೆ ಇಲ್ಲಿಗೇ ಬರುತ್ತಾರೆ, ಏಕೆಂದರೆ ಅಪ್ಪ ಕಟ್ಟಿದ ಪುಸ್ತಕದ ಬೆನ್ನು ಬಿಟ್ಟುಕೊಂಡದ್ದನ್ನು ಯಾರೂ ನೋಡಿಲ್ಲ. "ಅಂಟು ಮೇಲೆ ಒಣಗಿದ್ರೆ ಒಳಗೆ ಹಿಡಿದಿದೆ ಅಂತಲ್ಲ" ಎಂಬ ಮಾತನ್ನು ನಾವಿಬ್ಬರೂ ಹಾಲು ಕುಡಿಯುವ ವಯಸ್ಸಿನಿಂದ ಕೇಳಿದ್ದೇವೆ.

ಅದನ್ನೇ ಅವರು ಕೈಗೂ ಮಾಡಿದರು. ಆಸ್ಪತ್ರೆಯಲ್ಲಿ ಕೊಟ್ಟ ಪಟ್ಟಿ ಸಡಿಲ ಎಂದು ಅನ್ನಿಸಿ, ತಾವೇ ಎರಡು ರಟ್ಟು ಕತ್ತರಿಸಿ, ಅಂಚು ಚುಚ್ಚದ ಹಾಗೆ ಬಟ್ಟೆ ಅಂಟಿಸಿ, ಬೆರಳುಗಳನ್ನು ನೇರವಾಗಿ ಚಾಚಿ, ಮೇಲೊಂದು ಕೆಳಗೊಂದು ಇಟ್ಟು ಎಡಗೈಯಿಂದಲೂ ಹಲ್ಲಿನಿಂದಲೂ ಕಟ್ಟಿಕೊಂಡರು. ಎಷ್ಟು ಅಂದವಾಗಿತ್ತು ಗೊತ್ತಾ, ಮೂಲೆಗಳನ್ನು ಕೂಡ ದುಂಡಗೆ ಮಾಡಿದ್ದರು. ಅತ್ತೆ ನೋಡಿದವರಿಗೆಲ್ಲ, "ನಮ್ಮಣ್ಣ ತನ್ನ ಕೈಗೂ ಬೈಂಡಿಂಗ್ ಹಾಕ್ಕೊಂಡಿದಾನೆ, ಬನ್ನಿ ನೋಡಿ" ಎಂದು ತೋರಿಸಿದರು. ಊಟಕ್ಕೆ ಬಿಚ್ಚುತ್ತಿರಲಿಲ್ಲ, ಸ್ನಾನಕ್ಕೆ ಬಿಚ್ಚುತ್ತಿರಲಿಲ್ಲ. ಡಾಕ್ಟರು ಹೇಳಿದ್ದನ್ನು ನೆನಪಿಸಿದರೆ, "ಅವರಿಗೆ ದಿನಕ್ಕೆ ನೂರು ಕೈ, ನನಗೆ ಇರೋದು ಇದೊಂದೇ ಬಲಗೈ. ಹಿಡೀಲಿ ಬಿಡು" ಅನ್ನುತ್ತಿದ್ದರು. ಡಾಕ್ಟರು ಹೇಳಿದ ದಿನಕ್ಕೆ ತೋರಿಸಲು ಹೋಗಲೂ ಇಲ್ಲ. ಎರಡು ತಿಂಗಳ ಮೇಲಾಯಿತು. ಕೊನೆಗೆ ತಮಗೆ ತೃಪ್ತಿಯಾದ ದಿನ ಬೆಳಗ್ಗೆ ಮೇಜಿನ ಮುಂದೆ ಕೂತು, ಪ್ರೆಸ್ಸಿನ ತಿರುಪು ಬಿಡಿಸುವಷ್ಟೇ ನಿಧಾನವಾಗಿ ಗಂಟು ಬಿಚ್ಚಿ, ರಟ್ಟು ಪಕ್ಕಕ್ಕಿಟ್ಟು, ಸೂಜಿಯ ಕಡೆಗೆ ಕೈ ಚಾಚಿದರು. ಬೆರಳುಗಳು ಚಾಚಿಕೊಂಡೇ ಹೋಗಿ ಚಾಚಿಕೊಂಡೇ ಬಂದವು. ಅಪ್ಪ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. ಇದು ಯಾರದ್ದೋ ಕೈ, ತಪ್ಪಿ ಇಲ್ಲಿಗೆ ಬಂದಿದೆ, ವಾಪಸ್ ಕೊಡಬೇಕು ಅನ್ನುವ ಹಾಗೆ.

ಆಮೇಲೆ ಫಿಸಿಯೋ ಮೇಡಂ ಹತ್ತಿರ ಹೋಗಲು ಶುರು ಮಾಡಿದೆವು. ಅವರ ಕೋಣೆ ಆಸ್ಪತ್ರೆಯ ಹಿಂಭಾಗದಲ್ಲಿದೆ. ಗೋಡೆಗೆ ಏಣಿ, ಮೇಜಿನ ಮೇಲೆ ಬಣ್ಣದ ಚೆಂಡುಗಳು, ಒಂದು ಹಳೆಯ ಸೈಕಲ್, ಮಕ್ಕಳ ಶಾಲೆಯ ಹಾಗೆ ಕಾಣುತ್ತದೆ, ಕೂತಿರುವವರೆಲ್ಲ ಮುದುಕರು. ಮೇಡಂ ಮೊದಲ ದಿನ ಅಪ್ಪನ ಎಡಗೈಯ ಹಿಂಬದಿಯ ಚರ್ಮವನ್ನು ಚಿವುಟಿ ಎತ್ತಿದರು. ಅದು ಡೇರೆಯ ಬಟ್ಟೆಯಂತೆ ಎದ್ದು ನಿಂತಿತು. ಬಲಗೈಯದನ್ನು ಎತ್ತಲು ನೋಡಿದರು. ಅವರ ಉಗುರಿಗೆ ಏನೂ ಸಿಗಲಿಲ್ಲ. ನಾನು ಅಲ್ಲಿಯವರೆಗೆ ಗಟ್ಟಿಯಾಗಿರುವುದು ಕೀಲು ಮಾತ್ರ ಎಂದುಕೊಂಡಿದ್ದೆ. "ಒಳಗೆ ಕೀಲನ್ನ ಹಿಡಿದಿಟ್ಟಿರೋ ಪಟ್ಟಿಗಳೂ ಬಿಗಿದಿವೆ, ಅದು ಇದ್ದದ್ದೇ. ಆದ್ರೆ ಚರ್ಮನೂ ಬಿಗಿದಿದೆ ನೋಡಿ. ಮುಷ್ಟಿ ಮಾಡಿದ್ರೆ ಕೈಯ ಮೇಲ್ಭಾಗದ ಚರ್ಮ ಹಿಗ್ಗಬೇಕು. ಗೆಣ್ಣಿನ ಮೇಲಿರೋ ಸುಕ್ಕು ಅದಕ್ಕೇ ಇಟ್ಟಿರೋದು. ಕೀಲು ಆಡದೇ ಇದ್ರೆ ಚರ್ಮಕ್ಕೆ ಹಿಗ್ಗೋ ಕೆಲಸವೇ ಇರಲ್ಲ, ಇದ್ದಷ್ಟಕ್ಕೇ ಗಿಡ್ಡವಾಗಿ ಒಳಗಿನದಕ್ಕೆ ಅಂಟ್ಕೊಂಡು ಕೂತುಬಿಡುತ್ತೆ. ಸಕ್ಕರೆ ಕಾಯಿಲೆ ಬೇರೆ ಇದೆ ನಿಮಗೆ, ಅದೂ ಚರ್ಮಾನ ದಪ್ಪ ಮಾಡುತ್ತೆ" ಅಂದರು. ಅಪ್ಪ ಎಡಗೈಯಿಂದ ಬಲಗೈಯ ಗೆಣ್ಣುಗಳನ್ನು ಸವರಿ ನೋಡಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ರಟ್ಟಿಗೂ ಬೆನ್ನಿಗೂ ಮಧ್ಯ ಸಂದು ಬಿಡ್ತೀನಲ್ಲ, ಹಾಗೆ. ಸಂದು ಇಲ್ಲದಿದ್ರೆ ಪುಸ್ತಕ ತೆರೆಯಲ್ಲ" ಅಂದರು. ಎಲ್ಲ ಅರ್ಥವಾದವರ ಧ್ವನಿ. ಅದಕ್ಕಿಂತ ಅರ್ಥವಾಗದೇ ಇದ್ದಿದ್ದರೆ ಚೆನ್ನಾಗಿತ್ತು.

ಅಂದಿನಿಂದ ಬೆಳಗಿನ ಕೆಲಸ ಇದು. ಬೆಚ್ಚಗಿನ ನೀರಿನ ಬೋಗುಣಿಯಲ್ಲಿ ಕೈ ಮುಳುಗಿಸಿ ಕೂರುತ್ತಾರೆ. ನಾನು ನಿನ್ನ ಎಣ್ಣೆ ಹಚ್ಚಿ, ಹೆಬ್ಬೆರಳಿನಿಂದ ಗೆಣ್ಣುಗಳ ಸುತ್ತ ಚರ್ಮವನ್ನು ಆ ಕಡೆ ಈ ಕಡೆ ಸರಿಸುತ್ತೇನೆ. ಸರಿಯುವುದಿಲ್ಲ, ನಾನು ಸರಿಸುವುದಷ್ಟೇ. ಆಮೇಲೆ ಒಂದೊಂದೇ ಬೆರಳನ್ನು ಬಗ್ಗಿಸಬೇಕು. ಬಗ್ಗಿಸಿದಾಗ ಗೆಣ್ಣಿನ ಮೇಲಿನ ಚರ್ಮ ಬೆಳ್ಳಗಾಗುತ್ತದೆ, ಮೊದಲು ಅಂಚು, ಆಮೇಲೆ ನಡುವೆ, ಆಮೇಲೆ ಅದು ಬೆಳಕಿಗೆ ಹೊಳೆಯುತ್ತದೆ. ಅಲ್ಲಿಗೆ ನಿಲ್ಲಿಸಿ ಹಿಡಿದುಕೊಳ್ಳಬೇಕು. ಅಪ್ಪ ಆಗ ಏನಾದರೂ ಮಾತಾಡುತ್ತಾರೆ, ಹಾಲಿನವನ ಬಗ್ಗೆ, ಪಕ್ಕದ ಮನೆಯವರ ನಾಯಿಯ ಬಗ್ಗೆ. ನೋವು ಹೆಚ್ಚಾದ ಹಾಗೆ ನಾಯಿಯ ಕಥೆ ಉದ್ದವಾಗುತ್ತದೆ. ಒಂದು ದಿನ ಅತ್ತೆ ನೋಡುತ್ತಾ ನಿಂತಿದ್ದವರು, "ಇಷ್ಟು ಪುಸ್ತಕ ಓದಿದೀಯ, ಬೆರಳು ಬಗ್ಗಿಸೋದು ಒಂದರಲ್ಲೂ ಬರೆದಿರಲಿಲ್ವಾ ತಾಯಿ?" ಅಂದರು. ನಾನು ನಕ್ಕೆ. ಅಪ್ಪ ನಗಲಿಲ್ಲ. "ಅವಳ ಕೈ ಹಗುರ ಇದೆ, ನೀನು ಸುಮ್ನಿರು" ಎಂದರು. ಅವರ ಕಣ್ಣಲ್ಲಿ ನೀರಿತ್ತು, ಅತ್ತೆ ಅದನ್ನು ಕಂಡು ಒಲೆ ಆರಿಸುವ ನೆಪದಲ್ಲಿ ಒಳಗೆ ಹೋದರು. ಒಲೆ ಹಚ್ಚಿಯೇ ಇರಲಿಲ್ಲ.

ಬಗ್ಗಿಸಿದ ಮೇಲೆ ಅಳತೆ. ನಡುಬೆರಳಿನ ತುದಿಗೂ ಅಂಗೈಗೂ ಎಷ್ಟು ದೂರ ಉಳಿಯಿತು ಎಂದು ಸ್ಕೇಲ್ ಇಟ್ಟು ನೋಡಬೇಕು ಎಂದು ಮೇಡಂ ಹೇಳಿಕೊಟ್ಟಿದ್ದರು. ಅಳತೆ ಅಪ್ಪನದೇ ಕೆಲಸ, ಅದರಲ್ಲಿ ನನ್ನನ್ನು ನಂಬುವುದಿಲ್ಲ. ತಮ್ಮ ಅಂಗಡಿಯ ಉಕ್ಕಿನ ಸ್ಕೇಲನ್ನು ಎಡಗೈಯಲ್ಲಿ ಹಿಡಿದು ತಾವೇ ಓದಿ ಹೇಳುತ್ತಾರೆ. ಮೊದಲ ವಾರಗಳಲ್ಲಿ ಅದು ನಿಜವಾಗಿಯೂ ಸ್ವಲ್ಪ ಸ್ವಲ್ಪ ಕಡಿಮೆಯಾಯಿತು. ಆಮೇಲೂ ಕಡಿಮೆಯಾಗುತ್ತಲೇ ಬಂತು. ನಾನು ನಿನಗೆ ಹೇಳುತ್ತಿದ್ದದ್ದು ಅದೇ ಅಳತೆ. ಹೋದ ವಾರ ಒಂದು ಬೆಳಗ್ಗೆ ಬೋಗುಣಿ ಎತ್ತಲು ಬಗ್ಗಿದಾಗ ಕೆಳಗಿನಿಂದ ಕಂಡಿತು, ಅಪ್ಪ ಸ್ಕೇಲಿನ ತುದಿಯಿಂದ ಅಂಗೈಯ ಮಾಂಸವನ್ನು ಒತ್ತಿ ಬೆರಳಿನ ಕಡೆಗೆ ಉಬ್ಬಿಸಿ, ಆ ಉಬ್ಬಿನಿಂದ ಅಳೆಯುತ್ತಿದ್ದರು. ಒತ್ತಿದಷ್ಟೂ ಅಳತೆ ಇಳಿಯುತ್ತದೆ. ಸ್ಕೇಲ್ ತೆಗೆದಾಗ ಅಂಗೈಯಲ್ಲಿ ಕೆಂಪಗೆ ಒಂದು ಗೀರು. ಅದರ ಪಕ್ಕದಲ್ಲಿ ಹಿಂದಿನ ದಿನಗಳ ಗೀರುಗಳೂ ಇದ್ದವು, ನಾನು ಎಣ್ಣೆ ಹಚ್ಚುವಾಗ ಅವುಗಳನ್ನು ಬರೀ ಅಂಗೈ ರೇಖೆ ಎಂದುಕೊಂಡಿದ್ದೆ. ರಟ್ಟು ಕೂದಲೆಳೆಯಷ್ಟು ಓರೆಯಾದರೆ ಇಡೀ ಹಾಳೆಯನ್ನು ಬಿಸಾಡುತ್ತಿದ್ದ ಮನುಷ್ಯ ಅಕ್ಕಾ. ಅಳತೆ ಹೇಳಿ ಅವರು ನನ್ನ ಮುಖ ನೋಡಿದರು. ನಾನು "ಒಳ್ಳೇದಾಯ್ತು" ಅಂದೆ. ಅವತ್ತೇ ಸಂಜೆ ನೀನು ಫೋನ್ ಮಾಡಿದೆ, ಅವರೇ ಕಿತ್ತುಕೊಂಡು ನಿನಗೆ ಆ ಅಳತೆ ಹೇಳಿದರು. ನೀನು ಆ ಕಡೆ ಪುಟ್ಟಿಯ ಕೈಯಲ್ಲಿ ಚಪ್ಪಾಳೆ ಹೊಡೆಸಿದೆ.

ಮಂಗಳವಾರ ಅಪ್ಪನನ್ನು ಸೈಕಲ್ ಪಕ್ಕ ಕೂರಿಸಿ ನಾನು ಮೇಡಂ ಹಿಂದೆ ಹೊರಗಿನ ಕಾರಿಡಾರಿಗೆ ಹೋದೆ. ಕೇಳಬೇಕಾದ ಪ್ರಶ್ನೆಯನ್ನು ಬಸ್ಸಿನಲ್ಲಿ ಬರುತ್ತಾ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ, ಅಲ್ಲಿ ನಿಂತಾಗ ಅದರ ಅರ್ಧ ಮಾತ್ರ ಬಾಯಿಗೆ ಬಂತು. ಅವರಿಗೆ ಅಷ್ಟೇ ಸಾಕಾಯಿತು. "ನೋಡಮ್ಮಾ, ಬರಬೇಕಾದಷ್ಟು ಮೊದಲ ತಿಂಗಳಲ್ಲೇ ಬಂತು. ಇನ್ನು ಬಗ್ಗಲ್ಲ. ಜೋರು ಮಾಡಿದ್ರೆ ಊದುತ್ತೆ, ಊದಿದ್ರೆ ಇನ್ನೂ ಬಿಗಿಯುತ್ತೆ. ಆಪರೇಷನ್ ಅಂತ ಇದೆ. ಈ ಚರ್ಮಕ್ಕೆ, ಈ ಸಕ್ಕರೆಗೆ, ನಮ್ಮಪ್ಪನಾಗಿದ್ರೆ ನಾನು ಮಾಡಿಸ್ತಿರಲಿಲ್ಲ. ಲೋಟ ಹಿಡೀತಾರೆ, ಗುಂಡಿ ಹಾಕ್ಕೋತಾರೆ. ಅಷ್ಟು ಉಳಿಸ್ಕೊಳ್ಳಿ" ಅಂದರು. ಹೊಲಿಯೋ ಸೂಜಿ ಹಿಡೀತಾರಾ ಎಂದು ನಾನು ಕೇಳಿದೆ. ಅವರು ನನ್ನ ಹೆಗಲ ಮೇಲೆ ಕೈ ಇಟ್ಟರು. ವಾಪಸ್ ಬಂದು ನೋಡಿದರೆ ಅಪ್ಪ ಪಕ್ಕದಲ್ಲಿದ್ದ ಒಬ್ಬ ಮುದುಕನಿಗೆ ಚೆಂಡು ಒತ್ತುವುದು ಹೇಗೆ ಎಂದು ಹೇಳಿಕೊಡುತ್ತಿದ್ದರು. ಚೆಂಡು ಅವರ ನೇರ ಬೆರಳುಗಳ ಮೇಲೆ ತಟ್ಟೆಯಲ್ಲಿಟ್ಟ ಹಣ್ಣಿನ ಹಾಗೆ ಕೂತಿತ್ತು.

ಸೂಜಿಯ ಮಾತು ಯಾಕೆ ಕೇಳಿದೆ ಎಂದರೆ ಲೈಬ್ರರಿಯ ಪುಸ್ತಕಗಳು. ಅಪ್ಪ ಬೀಳುವ ಮೊದಲೇ ಲೈಬ್ರರಿಯವರು ತಂದಿಟ್ಟು ಹೋದ ಹಳೆಯ ಸಂಪುಟಗಳು ಅಂಗಡಿಯ ಉದ್ದ ಮೇಜಿನ ಮೇಲೆ ಬಿಚ್ಚಿಕೊಂಡೇ ಇವೆ. ಹಾಳೆಗಳ ಕಟ್ಟುಗಳನ್ನು ಅಪ್ಪ ಬಿಡಿಸಿ, ಹಳೆಯ ಅಂಟು ಕೆರೆದು, ಒಂದರ ಮೇಲೊಂದು ಜೋಡಿಸಿದ್ದರು, ಹೊಲಿಯುವುದು ಬಾಕಿ. ಲೈಬ್ರರಿಯವರು ಪಾಪ ಒಳ್ಳೆಯ ಹೆಂಗಸು, ಬಾಗಿಲಲ್ಲೇ ನಿಂತು, "ನಿಧಾನ ಆಗ್ಲಿ ಸಾರ್" ಎಂದು ಹೇಳಿ ಹೋಗುತ್ತಾರೆ. ಆದರೆ ಹೋದ ಸಲ ಬಂದಾಗ ಓದುವವರು ಕೇಳುತ್ತಿದ್ದಾರೆ ಎಂದರು, ಹಾಗೆ ಹೇಳಿದ್ದಕ್ಕೆ ತಾವೇ ನಾಚಿಕೊಂಡರು. ಬೀದಿಯ ಕೊನೆಯ ಪಿನ್ನಣ್ಣ ನಿನಗೆ ನೆನಪಿರಬೇಕು, ಹೊಲಿಗೆಯ ಬದಲು ಪಿನ್ನು ಹೊಡೆದು ಪುಸ್ತಕ ಕೊಡುತ್ತಾನೆ ಎಂದು ಅಪ್ಪನೇ ಇಟ್ಟ ಹೆಸರು. ಅವನು ಕೈ ನೋಡಲು ಬಂದವನು, "ಅಣ್ಣಾ, ಕೊಡಿ, ನಾನು ಹೊಲಿದುಕೊಡ್ತೀನಿ. ನಿಮ್ಮ ಹೆಸರಲ್ಲೇ ಹೋಗ್ಲಿ" ಅಂದ. ಅಪ್ಪ, "ನೀನು ಹೊಲಿದ್ರೆ ಓದುವವರು ಕೈಗೆ ಪಟ್ಟಿ ಕಟ್ಕೊಂಡು ಓದಬೇಕು ಮಾರಾಯ" ಎಂದರು. ಇಬ್ಬರೂ ನಕ್ಕರು. ಪಿನ್ನಣ್ಣನ ನಗೆ ಬೇಗ ನಿಂತಿತು. ಹೋಗುವಾಗ ಮೆಟ್ಟಿಲಲ್ಲಿ ನನಗೆ, "ಹೊಲಿಗೆ ನಂಗೂ ಬರುತ್ತಮ್ಮಾ. ನಿಮ್ಮಪ್ಪನ ಹತ್ತಿರವೇ ಕಲಿತದ್ದು. ಗಿರಾಕಿಗೆ ಪುರುಸೊತ್ತಿರಲ್ಲ ಅಂತ ಪಿನ್ನು" ಎಂದ. ಅಪ್ಪ ಇದನ್ನು ನಮಗೆ ಒಂದು ದಿನವೂ ಹೇಳಿರಲಿಲ್ಲ, ಅಲ್ಲವಾ?

ಶುಕ್ರವಾರದ್ದನ್ನು ಬರೆದು ಮುಗಿಸುತ್ತೇನೆ. ಮಧ್ಯಾಹ್ನ ಅಪ್ಪನನ್ನು ಊಟಕ್ಕೆ ಕರೆಯಲು ಕೆಳಗೆ ಇಳಿದೆ. ಮೆಟ್ಟಿಲ ತಿರುವಿನಿಂದ ಮೇಜು ಕಾಣುತ್ತದಲ್ಲ, ಅಲ್ಲೇ ನಿಂತುಬಿಟ್ಟೆ. ಅಪ್ಪ ಲೈಬ್ರರಿಯ ಒಂದು ಕಟ್ಟನ್ನು ಮುಂದೆ ಇಟ್ಟುಕೊಂಡು, ಎಡಗೈಯಿಂದ ಸೂಜಿಯನ್ನು ತೆಗೆದು ಬಲಗೈಯ ಎರಡು ಬೆರಳುಗಳ ಸಂದಿಯಲ್ಲಿ ಸಿಕ್ಕಿಸುತ್ತಿದ್ದರು, ಇಕ್ಕಳದಲ್ಲಿ ಸಿಕ್ಕಿಸುವ ಹಾಗೆ. ಸೂಜಿ ನಿಂತಿತು. ಕೈಯನ್ನು ಹಾಳೆಯ ಮಡಿಕೆಯ ಹತ್ತಿರ ತಂದರು. ಚುಚ್ಚಲು ಒತ್ತಿದಾಗ ಸೂಜಿ ಹಿಂದಕ್ಕೆ ಜಾರಿ ಬಿತ್ತು. ಮತ್ತೆ ಸಿಕ್ಕಿಸಿದರು. ಮತ್ತೆ ಬಿತ್ತು. ಆಮೇಲೆ ಎಡಗೈಯಿಂದಲೇ ಹೊಲಿಯಲು ನೋಡಿದರು, ಬಲಗೈ ಕಟ್ಟನ್ನು ಹಿಡಿದು ತೆರೆಯಬೇಕಿತ್ತು, ಹಿಡಿಯಲಿಲ್ಲ, ಹಾಳೆಗಳು ಜಾರಿ ಮೇಜಿನ ತುಂಬ ಹರಡಿದವು. ಒಂದು ಹಾಳೆಯ ಅಂಚು ಹರಿಯಿತು. ಆ ಸಣ್ಣ ಶಬ್ದ ನನಗೆ ಮೆಟ್ಟಿಲವರೆಗೆ ಕೇಳಿಸಿತು. ಅಪ್ಪ ಹಾಳೆಗಳನ್ನು ಒಂದೊಂದಾಗಿ ಕ್ರಮದಲ್ಲಿ ಜೋಡಿಸಿ, ಎಡ ಅಂಗೈಯಿಂದ ಅಂಚು ತಟ್ಟಿ ಸಮ ಮಾಡಿ, ಇದ್ದ ಜಾಗದಲ್ಲೇ ಇಟ್ಟರು. ತಲೆಯೆತ್ತಿದಾಗ ಅವರಿಗೆ ನಾನು ಕಂಡೆ. "ಈ ದಾರ ಸರಿ ಇಲ್ಲ" ಎಂದರು. ನಾನು "ಹೌದು, ಊಟಕ್ಕೆ ಬನ್ನಿ" ಅಂದೆ. ಮೆಟ್ಟಿಲು ಹತ್ತುವಾಗ ಅವರು ಮುಂದೆ, ನಾನು ಹಿಂದೆ. ಬಲಗೈ ಕಂಬಿಯ ಮೇಲೆ ಜಾರುತ್ತಾ ಹೋಗುತ್ತಿತ್ತು, ಹಿಡಿಯದೆ.

ಅವರು ಯಾರಿಗಾಗಿ ಸ್ಕೇಲ್ ಒತ್ತುತ್ತಿದ್ದಾರೆ ಎಂದು ಎರಡು ದಿನದಿಂದ ಯೋಚಿಸುತ್ತಿದ್ದೇನೆ. ತಮಗಾಗಿ ಅಲ್ಲ. ಅವರಿಗೆ ಗೊತ್ತು. ಮೇಡಂ ಕಾರಿಡಾರಿನಲ್ಲಿ ನನಗೆ ಹೇಳಿದ್ದು ಅವರಿಗೆ ನನಗಿಂತ ಮೊದಲೇ ಗೊತ್ತಿತ್ತು. ಪ್ರತಿದಿನ ಅಷ್ಟು ಆಸೆಯಿಂದ ಬೋಗುಣಿ ಹಿಡಿದು ಬರುವ ಮಗಳಿಗಾಗಿ, ಆ ಕಡೆ ಫೋನ್ ಹಿಡಿದು ಕಾಯುವ ಮಗಳಿಗಾಗಿ ಬೆಳಗ್ಗೆ ಬೆಳಗ್ಗೆ ನೋವು ತಿನ್ನುತ್ತಿದ್ದಾರೆ. ನಾವು ಅವರಿಗಾಗಿ ಅಂದುಕೊಂಡು ಮಾಡುತ್ತಿದ್ದೇವೆ, ಅವರು ನಮಗಾಗಿ ಅಂದುಕೊಂಡು ಮಾಡಿಸಿಕೊಳ್ಳುತ್ತಿದ್ದಾರೆ. ಕೈ ಮಾತ್ರ ಇಬ್ಬರ ಮಾತೂ ಕೇಳುತ್ತಿಲ್ಲ. ನಿನಗೆ ಬೇಜಾರಾಗುತ್ತದೆ ಎಂದು ಗೊತ್ತು. ನಿನ್ನ ಎಣ್ಣೆ ಒಳ್ಳೆಯ ಎಣ್ಣೆಯೇ, ಅದರ ವಾಸನೆಗೆ ಈಗ ನನ್ನ ಪುಸ್ತಕಗಳೂ ನೀನು ಪಕ್ಕದಲ್ಲಿದ್ದ ಹಾಗೆ ಘಮಘಮ ಅನ್ನುತ್ತವೆ.

ಒಳಗೆ ಮಂಚ ಕಿರುಗುಟ್ಟುತ್ತಿದೆ, ಅಪ್ಪ ಏಳುತ್ತಾರೆ. ಭಾವನಿಗೆ ನನ್ನ ನೆನಪು ಹೇಳು. ಪುಟ್ಟಿಗೆ ಎರಡು ಕೆನ್ನೆಗೂ ಮುತ್ತು, ಜಗಳ ಬೇಡ ಎಂದು ಎರಡೂ ಕಡೆ ಸಮನಾಗಿ ಕೊಡು. ನೀನು ಹೊತ್ತಿಗೆ ಊಟ ಮಾಡು, ಬಕೆಟ್ ಎತ್ತಬೇಡ. ನೀವೆಲ್ಲ ಅಲ್ಲಿ ನಕ್ಕುಕೊಂಡಿರಿ, ಇಲ್ಲಿಯ ಪಾಲನ್ನೂ ನೀವೇ ನಕ್ಕುಬಿಡಿ.

ನಿನ್ನ ತಂಗಿ,
ಗುಬ್ಬಿ

ತಾ.ಕ.: ಅತ್ತೆ ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದಾರೆ, ಪೇಟೆ ಕಡೆ ಹೋಗುವವರು ಇದನ್ನೂ ಅಂಚೆ ಡಬ್ಬಿಗೆ ಹಾಕುತ್ತಾರಂತೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನೆ ಸಂಜೆ ನಾನು ಒಬ್ಬಳೇ ಪಿನ್ನಣ್ಣನ ಅಂಗಡಿಗೆ ಹೋಗಿದ್ದೆ. ಎರಡು ಸಲ ಬಾಗಿಲವರೆಗೆ ಹೋಗಿ ಮುಂದೆ ದಾಟಿಬಿಟ್ಟೆ, ಮೂರನೇ ಸಲ ಅವನೇ ಕರೆದ. ಲೈಬ್ರರಿಯ ಪುಸ್ತಕಗಳನ್ನು ತೆಗೆದುಕೊಂಡು ಹೋಗಿ, ಪಿನ್ನು ಬೇಡ, ಹೊಲಿದೇ ಕೊಡಿ ಎಂದೆ. "ಅಣ್ಣ ಒಪ್ಪಿದ್ರಾ?" ಎಂದ. ಇಲ್ಲ ಎಂದೆ. ಅವನು ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟು, ಸೋಮವಾರ ಬೆಳಗ್ಗೆ ಗಾಡಿ ತರುತ್ತೇನೆ, ನೀನು ಹೇಳುವವರೆಗೆ ಹೊರಗೇ ನಿಂತಿರುತ್ತೇನೆ ಎಂದ. ನಾಳೆ ನಾನು ನೀರು ಬಿಸಿ ಮಾಡುತ್ತೇನೆ, ಎಣ್ಣೆ ಹಚ್ಚುತ್ತೇನೆ, ಬೆರಳು ಬಗ್ಗಿಸುವುದಿಲ್ಲ. ಸ್ಕೇಲ್ ಅವರ ಕೈಗೆ ಹೋಗುವ ಮೊದಲೇ ಎದುರಿಗೆ ಕೂತು, ಸಾಕು ಅಪ್ಪ, ಇದು ಇನ್ನು ಬಗ್ಗುವುದಿಲ್ಲ ಎಂದು ನಾನೇ ಹೇಳುತ್ತೇನೆ. ಅತ್ತೆಯ ಕೈಲಿ ಹೇಳಿಸುವುದಿಲ್ಲ. ಅಪ್ಪ ನನ್ನ ಮುಖ ನೋಡುತ್ತಾರೆ, ನಾನು ಮುಖ ತಿರುಗಿಸುವುದಿಲ್ಲ.